ತೊಗರಿ ಬೇಳೆಯ ಗಿರಣಿಗೆ ಅಂತರರಾಷ್ಟ್ರೀಯ ಪ್ರಮಾಣಪತ್ರ: ಅದನ್ನು ಪಡೆಯುವ ಕ್ರಮವೂ ಅದರಲ್ಲಿ ಗ್ರಾಮಗಳ ಪಾಲೂ

ಸೇಡಂ, ಚಿತ್ತಾಪುರ, ಶಹಾಬಾದ ಮತ್ತು ಚಿಂಚೋಳಿ ಸೀಮೆಗಳ ಕರಿಯ ಭೂಮಿಯಲ್ಲಿ ಬೆಳೆಯುವ ತೊಗರಿಯು ಉತ್ತಮ ಜಾತಿಯದೆಂಬುದು ಸರ್ವವಿದಿತವಾದ ಸಂಗತಿ. 2019ನೆಯ ಇಸವಿಯಲ್ಲಿ ಕಲಬುರಗಿ ಸೀಮೆಯ ತೊಗರಿ ಬೇಳೆಗೆ ಭೌಗೋಳಿಕ ಸೂಚಕದ ಗುರುತು ದೊರೆತ ಮೇಲೆ ಆ ಹೆಸರಿಗೆ ಕಾನೂನಿನ ರಕ್ಷಣೆಯೂ ಉಂಟಾಯಿತು. ವಾಡಿ ಜಂಕ್ಷನ್ನಿನಿಂದ ಮುಂಬಯಿ, ಹೈದರಾಬಾದು ಮತ್ತು ಚೆನ್ನೈ ಕಡೆಗೆ ರೈಲುಹಳಿಗಳು ಕವಲೊಡೆಯುವುದರಿಂದ ಸರಕನ್ನು ದೂರದ ಪೇಟೆಗೆ ಕಳುಹಿಸುವ ಅನುಕೂಲವೂ ಇದೆ. ಹೀಗಿದ್ದರೂ ಹೊರದೇಶದ ವರ್ತಕರೂ ದೊಡ್ಡ ಪಟ್ಟಣಗಳ ಸಗಟು ಖರೀದಿದಾರರೂ ಬೇಳೆಯ ನಮೂನೆಯನ್ನು ನೋಡಿದ ಮಾತ್ರಕ್ಕೆ ತೃಪ್ತರಾಗುವುದಿಲ್ಲ. “ಈ ಬೇಳೆಯನ್ನು ಮಾಡಿದ ಗಿರಣಿಗೆ ಪ್ರಮಾಣಪತ್ರ ಉಂಟೋ?” ಎಂದು ಕೇಳುತ್ತಾರೆ. ಈ ಪತ್ರವು ಯಾವುದು, ಅದನ್ನು ಪಡೆಯುವ ಬಗೆ ಹೇಗೆ, ಅದರಲ್ಲಿ ಗ್ರಾಮದ ಮುಖಂಡರಿಗೂ ಜಮೀನುದಾರರಿಗೂ ಇರುವ ಪಾಲೇನು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

1. ಗುರುತುಗಳಲ್ಲಿರುವ ಭೇದ

ವಾಡಿ, ಶಹಾಬಾದ ಮತ್ತು ಸೇಡಂ ಕಡೆಯ ಜನರಿಗೆ ಸಿಮೆಂಟಿನ ಚೀಲ ಹೊಸದಲ್ಲ. ಆ ಚೀಲದ ಮೇಲಿರುವ ಐ.ಎಸ್.ಐ. ಗುರುತು ಒಳಗಿನ ಸಿಮೆಂಟು ಭಾರತೀಯ ಮಾನಕಕ್ಕೆ ಸರಿಹೊಂದುವುದೆಂದು ಹೇಳುತ್ತದೆ. ಅಂದರೆ ಅದು ಸರಕಿಗೆ ಸಂಬಂಧಪಟ್ಟ ಗುರುತು. 1937ನೆಯ ಕಾಯಿದೆಯ ಮೇರೆಗೆ ಕೊಡುವ ಅಗ್‌ಮಾರ್ಕ್ ಗುರುತೂ ಹೀಗೆಯೇ ಸರಕಿನ ದರ್ಜೆಯನ್ನು ತಿಳಿಸುತ್ತದೆ. ಭೌಗೋಳಿಕ ಸೂಚಕವಾದರೋ ಸರಕು ಹುಟ್ಟಿದ ನೆಲವನ್ನೂ ಆ ನೆಲದಿಂದ ಅದಕ್ಕೆ ಬಂದ ಗುಣವನ್ನೂ ತಿಳಿಸುವುದು.

ಐ.ಎಸ್.ಓ. ಪ್ರಮಾಣಪತ್ರವು ಇವುಗಳಿಂದ ಭಿನ್ನವಾದುದು. ಅದನ್ನು ಕೊಡುವುದು ಕೆಲಸದ ವ್ಯವಸ್ಥೆಗೆ. ಗಿರಣಿಯಲ್ಲಿ ಯಾವ ಕೆಲಸವನ್ನು ಯಾರು, ಯಾವಾಗ, ಹೇಗೆ ಮಾಡಬೇಕೆಂಬುದು ಬರಹದಲ್ಲಿ ನಿಶ್ಚಯವಾಗಿದೆ, ಆ ಪ್ರಕಾರವೇ ಕೆಲಸ ನಡೆಯುತ್ತಿದೆ, ನಡೆದುದಕ್ಕೆ ದಾಖಲೆ ಇದೆ, ತಪ್ಪಾದಲ್ಲಿ ತಿದ್ದಿಕೊಳ್ಳುವ ಕ್ರಮವಿದೆ ಎಂಬ ನಾಲ್ಕು ಮಾತುಗಳಿಗೆ ಅದು ಸಾಕ್ಷಿ. ಆದಕಾರಣ ಇಂತಹ ಗುರುತನ್ನು ಬೇಳೆಯ ಚೀಲದ ಮೇಲೆ ಸರಕಿನ ಗುಣಕ್ಕೆ ಖಾತರಿಯೆಂಬಂತೆ ಅಚ್ಚೊತ್ತುವುದು ಸಲ್ಲದು.

2. ಮಾನಕಗಳ ಪರಿಚಯ

ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು, ಅಂದರೆ ಐ.ಎಸ್.ಓ., 1947ರಲ್ಲಿ ಕಾರ್ಯಾರಂಭ ಮಾಡಿತು. ಅದರ ಕೇಂದ್ರ ಕಚೇರಿ ಸ್ವಿಟ್ಜರ್‌ಲೆಂಡಿನ ಜಿನೀವಾ ನಗರದಲ್ಲಿದೆ. ನಮ್ಮ ದೇಶದಲ್ಲಿ ಅದೇ ವರ್ಷ ಸ್ಥಾಪಿತವಾದ ಭಾರತೀಯ ಮಾನಕ ಸಂಸ್ಥೆಯ ಕಾರ್ಯವನ್ನು ಈಗ ಭಾರತೀಯ ಮಾನಕ ಬ್ಯೂರೋ ನಡೆಸುತ್ತಿದೆ. ಬೇಳೆ ಗಿರಣಿಗೆ ಮುಖ್ಯವಾಗಿ ಎರಡು ಮಾನಕಗಳು ಅನ್ವಯಿಸುತ್ತವೆ. ಮೊದಲನೆಯದು ಯಾವ ಉದ್ಯಮಕ್ಕಾದರೂ ಸಲ್ಲುವ ಗುಣಮಟ್ಟ ನಿರ್ವಹಣೆಯ ಐ.ಎಸ್.ಓ. 9001. ಇದು 1987ರಲ್ಲಿ ಪ್ರಕಟವಾಗಿ ಅನಂತರ ಹಲವು ಬಾರಿ ಪರಿಷ್ಕೃತವಾಗಿದೆ. ಎರಡನೆಯದು ಆಹಾರದ ಸುರಕ್ಷತೆಗೆ ಸಂಬಂಧಿಸಿದ ಐ.ಎಸ್.ಓ. 22000. ಇದು 2005ರಲ್ಲಿ ಪ್ರಕಟವಾಗಿ 2018ರಲ್ಲಿ ಪರಿಷ್ಕೃತವಾಯಿತು.

ಎರಡನೆಯದರ ಮೂಲತತ್ತ್ವವು 1960ರ ದಶಕದಲ್ಲಿ ಅಮೆರಿಕ ದೇಶದ ಗಗನಯಾತ್ರಿಗಳಿಗೆ ಆಹಾರವನ್ನು ಸಿದ್ಧಪಡಿಸುವಾಗ ರೂಪುಗೊಂಡಿತು. ಸಿದ್ಧವಾದ ಆಹಾರವನ್ನು ಕೊನೆಯಲ್ಲಿ ಪರೀಕ್ಷಿಸಿ ದೋಷವನ್ನು ಹುಡುಕುವುದಕ್ಕಿಂತ, ದೋಷವು ಎಲ್ಲೆಲ್ಲಿ ಒಳನುಗ್ಗಬಹುದೆಂದು ಮೊದಲೇ ಯೋಚಿಸಿ ಆಯಾ ಸ್ಥಳದಲ್ಲಿಯೇ ತಡೆಯುವುದು ಮೇಲೆಂಬುದೇ ಆ ತತ್ತ್ವ. ಬಾವಿಗೆ ಕಸ ಬಿದ್ದ ಮೇಲೆ ನೀರನ್ನು ಸೋಸುವುದಕ್ಕಿಂತ ಬಾವಿಗೆ ಕಟ್ಟೆ ಕಟ್ಟುವುದು ಲೇಸೆಂದು ಒಕ್ಕಲಿಗನಿಗೆ ಬೇರೆ ಹೇಳಬೇಕಾಗಿಲ್ಲ.

3. ಗಿರಣಿಯು ಪತ್ರವನ್ನು ಪಡೆಯುವ ಕ್ರಮ

(ಅ) ಮೊದಲು 2006ನೆಯ ಆಹಾರ ಸುರಕ್ಷತಾ ಕಾಯಿದೆಯಂತೆ ನೋಂದಣಿ ಅಥವಾ ಪರವಾನಗಿ ಇರತಕ್ಕದ್ದು. ಕಾನೂನು ಕಡ್ಡಾಯ, ಐ.ಎಸ್.ಓ. ಸ್ವಯಂಪ್ರೇರಿತ. ಒಂದು ಇದ್ದರೆ ಮತ್ತೊಂದು ಬೇಡವೆಂದು ತಿಳಿಯಕೂಡದು.

(ಆ) ಪ್ರಮಾಣಪತ್ರವು ಯಾವ ಕೆಲಸಕ್ಕೆ ಮತ್ತು ಯಾವ ಸ್ಥಳಕ್ಕೆ ಬೇಕೆಂಬುದನ್ನು ಮಾಲೀಕನು ನಿಶ್ಚಯಿಸಬೇಕು. ಮಾನಕದ ಪ್ರತಿಯನ್ನು ತರಿಸಿ ಓದಿ, ಅದು ಕೇಳುವುದೇನು, ಗಿರಣಿಯಲ್ಲಿ ಈಗ ಇರುವುದೇನು ಎಂದು ಹೋಲಿಸಿ, ಕೊರತೆಗಳ ಪಟ್ಟಿಯನ್ನು ಮಾಡಿಕೊಳ್ಳಬೇಕು.

(ಇ) ತೊಗರಿಯು ಗಿರಣಿಯ ಬಾಗಿಲಿಗೆ ಬಂದಂದಿನಿಂದ ಬೇಳೆಯಾಗಿ ಚೀಲ ಸೇರುವವರೆಗಿನ ಹಂತಗಳನ್ನು, ಎಂದರೆ ತೂಕ, ಶುದ್ಧಿ, ಕಲ್ಲು ತೆಗೆಯುವುದು, ಎಣ್ಣೆ ನೀರು ಹಚ್ಚಿ ಹದಗೊಳಿಸುವುದು, ಒಣಗಿಸುವುದು, ಸಿಪ್ಪೆ ಬಿಡಿಸುವುದು, ಒಡೆಯುವುದು, ಜರಡಿ ಹಿಡಿಯುವುದು, ಚೀಲ ತುಂಬುವುದು ಎಂಬಿವನ್ನು ಕ್ರಮವಾಗಿ ಬರೆದು, ಪ್ರತಿ ಹಂತದ ಅಪಾಯವನ್ನು ಗುರುತಿಸಬೇಕು. ಕಲ್ಲು ಮತ್ತು ಕಬ್ಬಿಣದ ಚೂರು ಒಂದು ಬಗೆ. ಹುಳ ಮತ್ತು ಬೂಷ್ಟು ಎರಡನೆಯದು. ಔಷಧಿಯ ಶೇಷ, ಕೃತಕ ಬಣ್ಣ, ಕೇಸರಿ ಬೇಳೆಯ ಬೆರಕೆ ಇವು ಮೂರನೆಯ ಬಗೆ. ಪ್ರತಿಯೊಂದನ್ನು ತಡೆಯುವ ಸ್ಥಳವನ್ನೂ ತಡೆಯುವ ಹೊಣೆಗಾರನನ್ನೂ ಗೊತ್ತುಪಡಿಸಬೇಕು. ಉದಾಹರಣೆಗೆ, ಕಬ್ಬಿಣದ ಚೂರನ್ನು ಹಿಡಿಯುವ ಅಯಸ್ಕಾಂತವನ್ನು ದಿನಕ್ಕೆಷ್ಟು ಬಾರಿ ಒರಸಿದರು, ಎಷ್ಟು ಚೂರು ಸಿಕ್ಕಿತು, ಒರಸಿದವರಾರು ಎಂಬುದು ಪುಸ್ತಕದಲ್ಲಿ ಕಾಣಬೇಕು.

(ಈ) ಈ ಕ್ರಮದಂತೆ ಕೆಲವು ತಿಂಗಳು ಕೆಲಸ ನಡೆಸಿ ದಾಖಲೆಗಳನ್ನು ಕೂಡಿಸಬೇಕು. ಬಳಿಕ ಗಿರಣಿಯವರೇ ಒಳತಪಾಸಣೆ ಮಾಡಿ, ಕಂಡ ತಪ್ಪುಗಳನ್ನು ಮಾಲೀಕನ ಸಮಕ್ಷಮದಲ್ಲಿ ವಿಮರ್ಶಿಸಿ ತಿದ್ದಿಕೊಳ್ಳಬೇಕು.

(ಉ) ಅನಂತರ ಪ್ರಮಾಣೀಕರಣ ಸಂಸ್ಥೆಯೊಂದಕ್ಕೆ ಅರ್ಜಿ ಹಾಕಬೇಕು. ತಪಾಸಣೆ ಎರಡು ಹಂತಗಳಲ್ಲಿ ನಡೆಯುತ್ತದೆ. ಮೊದಲ ಹಂತದಲ್ಲಿ ಬರಹಗಳನ್ನೂ ಗಿರಣಿಯ ಸಿದ್ಧತೆಯನ್ನೂ ನೋಡುತ್ತಾರೆ. ಎರಡನೆಯ ಹಂತದಲ್ಲಿ ತಪಾಸಕರು ಗಿರಣಿಯಲ್ಲಿ ನಿಂತು, ಕೆಲಸಗಾರರನ್ನು ಪ್ರಶ್ನಿಸಿ, ಬರೆದುದಕ್ಕೂ ನಡೆದುದಕ್ಕೂ ತಾಳೆ ನೋಡುತ್ತಾರೆ. ದೊಡ್ಡ ಲೋಪ ಕಂಡರೆ ಅದನ್ನು ಸರಿಪಡಿಸಿದ ಹೊರತು ಪತ್ರ ದೊರೆಯದು.

(ಊ) ಪತ್ರದ ಅವಧಿ ಸಾಮಾನ್ಯವಾಗಿ 3 ವರ್ಷ. ನಡುವೆ ವರ್ಷಕ್ಕೊಮ್ಮೆಯಾದರೂ ಮೇಲ್ವಿಚಾರಣೆಯ ತಪಾಸಣೆ ಉಂಟು. ಅವಧಿ ತೀರುವ ಮೊದಲು ಪುನಃ ಪೂರ್ಣ ತಪಾಸಣೆಯಾಗಬೇಕು.

4. ಹೊಲದಲ್ಲಿಯೂ ಕಣದಲ್ಲಿಯೂ ಆಗಬೇಕಾದುದು

ಗಿರಣಿಯ ಯಂತ್ರವು ಕಲ್ಲನ್ನು ತೆಗೆಯಬಲ್ಲದು. ಕಾಳಿನೊಳಗೆ ಸೇರಿದ ಔಷಧಿಯ ಶೇಷವನ್ನು ತೆಗೆಯಲಾರದು. ಆದುದರಿಂದ ಮಾನಕದ ಕೆಲಸವು ಹೊಲದಲ್ಲಿಯೇ ಮೊದಲಾಗುತ್ತದೆ.

ಬೀಜ: ಮಾರುತಿ, ಟಿ.ಎಸ್. 3 ಆರ್., ಜಿ.ಆರ್.ಜಿ. 811 ಮೊದಲಾದ ತಳಿಗಳ ಕಾಳನ್ನು ಒಂದರೊಡನೊಂದು ಬೆರಸಬಾರದು. ಗಾತ್ರ ಬೇರೆಯಾದ ಕಾಳುಗಳು ಗಿರಣಿಯಲ್ಲಿ ಸಮನಾಗಿ ಒಡೆಯದೆ ನುಚ್ಚು ಹೆಚ್ಚಾಗುತ್ತದೆ.

ಔಷಧಿ: ಕಾಯಿಕೊರಕ ಹುಳಕ್ಕೆ ಸಿಂಪಡಿಸಿದ ಔಷಧಿಯ ಹೆಸರು, ಪ್ರಮಾಣ ಮತ್ತು ತಾರೀಖನ್ನು ಬರೆದಿಡಬೇಕು. ಸಿಂಪಡಣೆಗೂ ಕೊಯ್ಲಿಗೂ ನಡುವೆ ಎಷ್ಟು ದಿನ ಕಾಯಬೇಕೆಂಬುದು ಡಬ್ಬದ ಚೀಟಿಯಲ್ಲಿರುತ್ತದೆ, ಅದನ್ನು ಮೀರಕೂಡದು.

ಕಣ: ಡಾಂಬರು ರಸ್ತೆಯ ಮೇಲೆ ರಾಶಿ ಮಾಡುವ ವಾಡಿಕೆಯಿಂದ ಹರಳೂ ಡಾಂಬರಿನ ಚೂರೂ ಕಾಳಿನಲ್ಲಿ ಸೇರುತ್ತವೆ. ಶಹಾಬಾದಿನ ಫರಸಿ ಕಲ್ಲು ಈ ಸೀಮೆಯಲ್ಲಿಯೇ ದೊರೆಯುವುದರಿಂದ, ಗ್ರಾಮಕ್ಕೊಂದು ಹಾಸುಗಲ್ಲಿನ ಕಣವನ್ನು ಮಾಡಿಕೊಳ್ಳುವುದು ಉಚಿತ. ಅದಾಗುವವರೆಗೆ ತಾಡಪತ್ರೆಯನ್ನಾದರೂ ಹಾಸತಕ್ಕದ್ದು.

ಒಣಗಿಸುವಿಕೆ: ಕಾಳಿನಲ್ಲಿ ತೇವವು ನೂರಕ್ಕೆ 12ನ್ನು ಮೀರಬಾರದು. ಹಲ್ಲಿನಲ್ಲಿ ಕಡಿದಾಗ ಕಟಕ್ಕೆಂದು ಒಡೆಯುವುದು ರೈತನ ಅಂದಾಜು. ತೇವ ಅಳೆಯುವ ಯಂತ್ರದ ಲೆಕ್ಕವೇ ದಾಖಲೆಗೆ ಸಲ್ಲುವುದು.

ಸಂಗ್ರಹ: ಗೊಬ್ಬರದ ಹಳೆಯ ಚೀಲಗಳಲ್ಲಿ ತೊಗರಿಯನ್ನು ತುಂಬಲೇಬಾರದು. ಹುಳಕ್ಕೆ ಹಾಕುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯ ಗಾಳಿ ಪ್ರಾಣಾಂತಿಕವಾದುದು. ವಾಸದ ಮನೆಯಲ್ಲಿ ಅದನ್ನು ಎಂದಿಗೂ ಬಳಸದೆ, ಅನುಮತಿ ಪಡೆದ ಪರಿಣತರಿಗೇ ಆ ಕೆಲಸವನ್ನು ಬಿಡಬೇಕು.

5. ಒಂದು ದೃಷ್ಟಾಂತ

ಒಂದು ಗಿರಣಿಯು ಹತ್ತು ಮಂದಿ ರೈತರಿಂದ ತಲಾ 20 ಕ್ವಿಂಟಲಿನಂತೆ 200 ಕ್ವಿಂಟಲ್ ತೊಗರಿಯನ್ನು ಕೊಂಡು, ಬೇಳೆ ಮಾಡಿಸಿ, ದೂರದ ವರ್ತಕನಿಗೆ ಕಳುಹಿಸಿತೆಂದು ಭಾವಿಸೋಣ. ಆ ಹತ್ತು ಮಂದಿಯಲ್ಲಿ ಒಬ್ಬನು ಕೊಯ್ಲಿಗೆ ನಾಲ್ಕು ದಿನವಿರುವಾಗ ಔಷಧಿ ಸಿಂಪಡಿಸಿದ್ದನು. ವರ್ತಕನ ಪರೀಕ್ಷೆಯಲ್ಲಿ ಮಿತಿ ಮೀರಿದ ಶೇಷ ಕಂಡುಬಂದಿತು. ದಾಖಲೆ ಇಲ್ಲದಿದ್ದರೆ ಸರಕೆಲ್ಲವೂ ಹಿಂದಿರುಗುವುದು. ಗಿರಣಿಯವನು ಆ ನಷ್ಟವನ್ನು ಮುಂದಿನ ಸುಗ್ಗಿಯ ಧಾರಣೆಯಲ್ಲಿ ಮುರಿದುಕೊಳ್ಳುವನು. ತಪ್ಪು ಮಾಡದ ಒಂಬತ್ತು ಮಂದಿಯೂ ದಂಡ ತೆತ್ತಂತಾಗುವುದು. ಸೀಮೆಯ ಹೆಸರಿಗೂ ಕುಂದು ಬರುವುದು.

ಅದೇ ಗಿರಣಿಯು ಇಬ್ಬಿಬ್ಬರ ಕಾಳನ್ನು ಒಂದೊಂದು ತಂಡವಾಗಿ ಬೇರೆಯಿಟ್ಟು, ಚೀಲಗಳಿಗೆ ತಂಡದ ಸಂಖ್ಯೆ ಬರೆದು, ಪ್ರತಿ ತಂಡದ ನಮೂನೆಯನ್ನು ಮೊಹರು ಮಾಡಿ ಇಟ್ಟಿದ್ದರೆ, ದೋಷವು 40 ಕ್ವಿಂಟಲಿನ ಒಂದು ತಂಡಕ್ಕೆ ಮಾತ್ರ ಸೇರಿದ್ದೆಂದು ತೋರಿಸಬಹುದು. ಉಳಿದ 160 ಕ್ವಿಂಟಲಿನ ಬೇಳೆ ನಿಲ್ಲುವುದು; ದೋಷ ಯಾವ ಹೊಲದ್ದೆಂಬುದೂ ತಿಳಿಯುವುದು. ಸರಕಿನ ಹೆಜ್ಜೆಯನ್ನು ಹಿಂದಕ್ಕೆ ಹಿಡಿದು ಹೋಗುವ ಈ ಶಕ್ತಿಯನ್ನೇ ಐ.ಎಸ್.ಓ. 22000 ಮಾನಕವು ಗಿರಣಿಯಿಂದ ಕೇಳುತ್ತದೆ. ರೈತನು ಬರೆದಿಟ್ಟ ಎರಡು ಸಾಲುಗಳು ಇಲ್ಲದೆ ಗಿರಣಿಯವನು ಅದನ್ನು ಪೂರ್ತಿಯಾಗಿ ಒದಗಿಸಲಾರನು.

6. ಎಚ್ಚರಿಕೆಗಳು

ಐ.ಎಸ್.ಓ. ಸಂಸ್ಥೆಯು ಮಾನಕವನ್ನು ರಚಿಸುವುದೇ ಹೊರತು ತಾನೇ ಯಾರಿಗೂ ಪ್ರಮಾಣಪತ್ರವನ್ನು ಕೊಡುವುದಿಲ್ಲ. ಬೇರೆ ಸಂಸ್ಥೆಗಳು ತಪಾಸಣೆ ಮಾಡಿ ಪತ್ರ ಕೊಡುತ್ತವೆ. ಆ ಸಂಸ್ಥೆಗಳ ಯೋಗ್ಯತೆಯನ್ನು ಪರೀಕ್ಷಿಸಿ ಮಾನ್ಯತೆ ಕೊಡಲು ನಮ್ಮ ದೇಶದಲ್ಲಿ ಕ್ವಾಲಿಟಿ ಕೌನ್ಸಿಲ್ ಆಫ್ ಇಂಡಿಯಾದ ಅಂಗವಾದ ಎನ್.ಎ.ಬಿ.ಸಿ.ಬಿ. ಮಂಡಳಿ ಇದೆ. ಗಿರಣಿಯನ್ನು ಕಣ್ಣಿನಿಂದ ನೋಡದೆ, ಹಣ ಪಡೆದು ನಾಲ್ಕು ದಿನದಲ್ಲಿ ಪತ್ರ ಕಳುಹಿಸುವೆವೆನ್ನುವವರ ಕಾಗದವು ಗೋಡೆಗೆ ಅಲಂಕಾರವಾದೀತೇ ವಿನಾ ತಿಳಿದ ಖರೀದಿದಾರನ ಮುಂದೆ ನಿಲ್ಲಲಾರದು. ಹಣ ಕೊಡುವ ಮೊದಲು ಆ ಸಂಸ್ಥೆಗೆ ಯಾರ ಮಾನ್ಯತೆ ಇದೆ, ಆಹಾರದ ಕೆಲಸಕ್ಕೆ ಆ ಮಾನ್ಯತೆ ಅನ್ವಯಿಸುವುದೇ ಎಂದು ವಿಚಾರಿಸತಕ್ಕದ್ದು. ಸಲಹೆ ಕೊಟ್ಟವರೇ ತಪಾಸಣೆಯನ್ನೂ ಮಾಡುವುದು ನ್ಯಾಯವಲ್ಲ.

ಮತ್ತೊಂದು ಮಾತು. ಪತ್ರ ಬಂದೊಡನೆ ಧಾರಣೆ ಏರುವುದೆಂದು ಎಣಿಸಬಾರದು. ಅದು ಪೇಟೆಯ ಬಾಗಿಲನ್ನು ತೆರೆಯುವುದು. ಒಳಗೆ ವ್ಯಾಪಾರ ಕುದುರುವುದು ಸರಕಿನ ಗುಣದಿಂದಲೂ ಹೇಳಿದ ದಿನಕ್ಕೆ ಸರಕು ಮುಟ್ಟಿಸುವ ನಿಯತ್ತಿನಿಂದಲೂ ಮಾತ್ರ.

7. ಮುಖಂಡರು ಕೈಕೊಳ್ಳಬೇಕಾದ ಕಾರ್ಯ

ಒಬ್ಬೊಬ್ಬ ರೈತನು ಪ್ರತ್ಯೇಕವಾಗಿ ಇದನ್ನು ಸಾಧಿಸುವುದು ಕಷ್ಟ. ಸಹಕಾರಿ ಸಂಘವಾಗಲಿ ರೈತ ಉತ್ಪಾದಕ ಕಂಪನಿಯಾಗಲಿ ಗಿರಣಿ ನಡೆಸಿ ಪ್ರಮಾಣಪತ್ರ ಪಡೆಯಬಹುದು. ಭೌಗೋಳಿಕ ಸೂಚಕದ ಗುರುತನ್ನು ಬಳಸಲು ಇಚ್ಛಿಸುವವರು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕಾದುದರಿಂದ ಅದನ್ನೂ ಇದರೊಂದಿಗೆ ಮಾಡಿಕೊಳ್ಳುವುದು ಯುಕ್ತ. ಈ ಸುಗ್ಗಿಯಿಂದಲೇ ಮುಖಂಡರು ಮೂರು ಕೆಲಸಗಳನ್ನು ಆರಂಭಿಸಬಹುದು: ಪ್ರತಿ ಮನೆಗೆ ಒಂದು ಹೊಲದ ಪುಸ್ತಕ, ಗ್ರಾಮಕ್ಕೆ ಒಂದು ಶುದ್ಧವಾದ ಕಣ ಮತ್ತು ತೇವ ಅಳೆಯುವ ಒಂದು ಯಂತ್ರ, ಚೀಲಕ್ಕೆ ರೈತನ ಹೆಸರು, ತಳಿ, ತಾರೀಖುಗಳುಳ್ಳ ಒಂದು ಚೀಟಿ. ಇವಿಷ್ಟು ಸಿದ್ಧವಾದ ಗ್ರಾಮದ ತೊಗರಿಯನ್ನು, ಪ್ರಮಾಣಪತ್ರವನ್ನು ಉಳಿಸಿಕೊಳ್ಳಬೇಕೆನ್ನುವ ಗಿರಣಿಯವನು ತಾನಾಗಿಯೇ ಹುಡುಕಿಕೊಂಡು ಬರುವನು.