ಸಸಿ ಉಳಿಸುವ ಒಂದು ರೆಸಿಸ್ಟರ್: ರೈತರಿಗೆ ಆಪ್-ಆಂಪ್ ಪಾಠ

ಎರಡು ವರ್ಷದ ಹಿಂದೆ, ಬೇಸಿಗೆ. ನಮ್ಮ ನೆರಳು ಪರದೆ ಮನೆಯಲ್ಲಿ 98 ಗುಣಿಯ 40 ಟ್ರೇ ಮೆಣಸಿನ ಸಸಿ ಇತ್ತು. ಅರ್ಧದಷ್ಟಕ್ಕೆ ಪಕ್ಕದೂರಿನ ರೈತರಿಂದ ಅಡ್ವಾನ್ಸ್ ಕೂಡ ತಗೊಂಡಿದ್ದೆ. ತೇವ ಕಡಿಮೆಯಾದಾಗ ಪಂಪ್ ತಾನೇ ಆನ್ ಆಗಲಿ ಅಂತ ತೇವಾಂಶ ಸೆನ್ಸರ್ ಮತ್ತು ರಿಲೇ ಜೋಡಿಸಿದ್ದೆ. ಒಂದು ರಾತ್ರಿ ರಿಲೇ ಟಕಟಕ ಬಡಿದುಕೊಂಡು, ಅದರ ಕಾಂಟ್ಯಾಕ್ಟ್ ಅಂಟಿಕೊಂಡು, ಬೆಳಗಿನವರೆಗೂ ಪಂಪ್ ಓಡಿತು. ವಾರದೊಳಗೆ ಬುಡ ಕೊಳೆತು ಮುಕ್ಕಾಲು ಪಾಲು ಸಸಿ ಹೋಯಿತು. ಅಡ್ವಾನ್ಸ್ ವಾಪಸ್ ಕೊಟ್ಟೆ. ಆದರೆ ಆ ರೈತರ ನಾಟಿ ಹದ ತಪ್ಪಿತು, ಅದನ್ನು ವಾಪಸ್ ಕೊಡೋಕೆ ಆಗಲಿಲ್ಲ.

ತಪ್ಪು ಸೆನ್ಸರ್‌ನದ್ದಲ್ಲ. ಅದರ ಹಿಂದಿರುವ ಎಂಟು ಕಾಲಿನ ಕಪ್ಪು ಚಿಪ್ಪನ್ನು ನಾನು ಅರ್ಥ ಮಾಡಿಕೊಂಡಿರಲಿಲ್ಲ. ಈ ವಾರ ಆ ಚಿಪ್ಪಿನ ಕುಟುಂಬದ ಬಗ್ಗೆ ತಿಳಿಯೋಣ.

ಆಪ್-ಆಂಪ್ ಅಂದರೇನು?

ಆಪರೇಷನಲ್ ಆಂಪ್ಲಿಫೈಯರ್ ಅನ್ನೋದರ ಚಿಕ್ಕ ಹೆಸರು ಆಪ್-ಆಂಪ್. ಹಳೇ ಅನಲಾಗ್ ಕಂಪ್ಯೂಟರ್‌ಗಳಲ್ಲಿ ಕೂಡುವ, ಕಳೆಯುವ ಗಣಿತಕ್ಕೆ ಬಳಸುತ್ತಿದ್ದರಿಂದ ಆ ಹೆಸರು ಬಂತು. ಇದಕ್ಕೆ ಎರಡು ಇನ್‌ಪುಟ್: ಪ್ಲಸ್ ಮತ್ತು ಮೈನಸ್. ಎರಡರ ನಡುವಿನ ವೋಲ್ಟೇಜ್ ವ್ಯತ್ಯಾಸವನ್ನು ದೊಡ್ಡದು ಮಾಡಿ ಔಟ್‌ಪುಟ್‌ಗೆ ಕೊಡುತ್ತದೆ. ಎಷ್ಟು ದೊಡ್ಡದು? ಅಂಗಡಿಯಲ್ಲಿ ಸುಲಭವಾಗಿ ಸಿಗುವ ಎಲ್‌ಎಂ358 ಚಿಪ್ಪಿನಲ್ಲಿ ಸುಮಾರು ಒಂದು ಲಕ್ಷ ಪಟ್ಟು!

ಇಷ್ಟು ಬಲ ಇರುವ ಹೋರಿಗೆ ಮೂಗುದಾರ ಬೇಕು. ಆ ಮೂಗುದಾರಕ್ಕೆ ಫೀಡ್‌ಬ್ಯಾಕ್ ಅಂತಾರೆ, ಅಂದರೆ ಔಟ್‌ಪುಟ್‌ನ ಒಂದು ಪಾಲನ್ನು ಇನ್‌ಪುಟ್‌ಗೆ ತಿರುಗಿ ಕೊಡುವುದು. ಮೈನಸ್‌ಗೆ ಕೊಟ್ಟರೆ ಅಳತೆ ಮಾಡುವ ಎತ್ತು. ಪ್ಲಸ್‌ಗೆ ಕೊಟ್ಟರೆ ಗಟ್ಟಿ ತೀರ್ಮಾನ ಮಾಡುವ ಎತ್ತು. ಇಷ್ಟು ನೆನಪಿಟ್ಟರೆ ಪಾಠ ಅರ್ಧ ಮುಗಿದಂತೆ.

1. ತೀರ್ಮಾನ: ಪಂಪ್ ಆನ್ ಅಥವಾ ಆಫ್

ತೇವಾಂಶ ಮಾಡ್ಯೂಲ್‌ನಲ್ಲಿ ಸಾಮಾನ್ಯವಾಗಿ ಇರುವುದು ಎಲ್‌ಎಂ393. ಇದು ಕಂಪೇರೇಟರ್, ಆಪ್-ಆಂಪ್‌ನ ದಾಯಾದಿ. ತಕ್ಕಡಿ ಇದ್ದಂಗೆ: ಒಂದು ತಟ್ಟೆಯಲ್ಲಿ ಸೆನ್ಸರ್ ವೋಲ್ಟೇಜ್, ಇನ್ನೊಂದರಲ್ಲಿ ನೀವು ನೀಲಿ ತಿರುಪಿನಿಂದ ಇಟ್ಟ ಗಡಿ. ಮಣ್ಣು ಒಣಗಿದಂತೆ ಸೆನ್ಸರ್ ವೋಲ್ಟೇಜ್ ಏರುತ್ತದೆ, ಗಡಿ ದಾಟಿದರೆ ಪಂಪ್ ಆನ್.

ತೊಂದರೆ ಗಡಿಯ ಮೇಲೇ ನಿಂತಾಗ. ಮೋಟಾರ್ ಶುರುವಾದಾಗ ವೈರಿನಲ್ಲಿ ಬರುವ ಸಣ್ಣ ಕಂಪನಕ್ಕೂ ತಕ್ಕಡಿ ಅತ್ತಿತ್ತ ಹೊಯ್ದಾಡುತ್ತದೆ, ರಿಲೇ ಬಡಿದುಕೊಳ್ಳುತ್ತದೆ. ನನ್ನ ಸಸಿ ಹೋಗಿದ್ದು ಹೀಗೆ.

ಪರಿಹಾರ ಎರಡು ಗಡಿ. ಸೆನ್ಸರ್ ಮತ್ತು ಪ್ಲಸ್ ಇನ್‌ಪುಟ್ ನಡುವೆ 10 ಕಿಲೋ ಓಮ್, ಔಟ್‌ಪುಟ್‌ನಿಂದ ಪ್ಲಸ್‌ಗೆ 100 ಕಿಲೋ ಓಮ್ ರೆಸಿಸ್ಟರ್ ಹಾಕಿ. 5 ವೋಲ್ಟ್ ಸರ್ಕ್ಯೂಟ್‌ನಲ್ಲಿ ಆನ್ ಮತ್ತು ಆಫ್ ಗಡಿಗಳ ನಡುವೆ ಅರ್ಧ ವೋಲ್ಟ್ ಆಸುಪಾಸಿನ ಅಂತರ ಬರುತ್ತದೆ. ಉದಾಹರಣೆಗೆ 3 ವೋಲ್ಟ್ ದಾಟಿದಾಗ ಆನ್, 2.5ಕ್ಕೆ ಇಳಿದ ಮೇಲೇ ಆಫ್. ಇದಕ್ಕೆ ಹಿಸ್ಟರೆಸಿಸ್ ಅಂತ ಹೆಸರು. ಸಿದ್ಧ ಮಾಡ್ಯೂಲ್‌ನಲ್ಲಿ ಇದನ್ನು ಸೇರಿಸಲು ಬೋರ್ಡಿನ ಗೆರೆ ಕತ್ತರಿಸಬೇಕಾಗುತ್ತದೆ. ರೇಡಿಯೋ ರಿಪೇರಿಯವರ ಕೈಲಿ ಮಾಡಿಸಿ.

2. ದೊಡ್ಡದು ಮಾಡುವುದು: ಕಾಂಪೋಸ್ಟ್ ಶಾಖ

ಎಲ್‌ಎಂ35 ಸೆನ್ಸರ್ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ 10 ಮಿಲಿವೋಲ್ಟ್ ಕೊಡುತ್ತದೆ. ಕಾಂಪೋಸ್ಟ್ ರಾಶಿ 60 ಡಿಗ್ರಿ ಇದ್ದರೆ ಸಿಗುವುದು 0.6 ವೋಲ್ಟ್ ಮಾತ್ರ. ಎಲ್‌ಎಂ358ರ ಪ್ಲಸ್‌ಗೆ ಸೆನ್ಸರ್ ಕೊಡಿ. ಔಟ್‌ಪುಟ್‌ನಿಂದ ಮೈನಸ್‌ಗೆ 40 ಕಿಲೋ ಓಮ್ (ನಾಲ್ಕು 10 ಕಿಲೋ ಸಾಲಾಗಿ), ಮೈನಸ್‌ನಿಂದ ಗ್ರೌಂಡ್‌ಗೆ 10 ಕಿಲೋ. ಲೆಕ್ಕ: 1 + 40/10 = 5 ಪಟ್ಟು. ಈಗ 60 ಡಿಗ್ರಿಗೆ 3 ವೋಲ್ಟ್.

ಎಚ್ಚರ: 5 ವೋಲ್ಟ್ ಕೊಟ್ಟರೆ ಎಲ್‌ಎಂ358ರ ಔಟ್‌ಪುಟ್ ಸುಮಾರು 3.5ರ ಮೇಲೆ ಏರಲ್ಲ. ರಾಶಿ 75 ಡಿಗ್ರಿ ಆದರೂ ಮೀಟರ್ 70ಕ್ಕೇ ನಿಂತಿರುತ್ತದೆ. 9 ವೋಲ್ಟ್ ಕೊಟ್ಟರೆ ಆ ತೊಂದರೆ ಇಲ್ಲ.

3. ಭಾರ ಹೇರದೆ ಅಳೆಯುವುದು: ನೀರಿನ ಪಿಎಚ್

ಪಿಎಚ್ ಪ್ರೋಬ್ 25 ಡಿಗ್ರಿ ಶಾಖದಲ್ಲಿ ಒಂದು ಪಿಎಚ್ ಅಂಕಕ್ಕೆ ಸುಮಾರು 59 ಮಿಲಿವೋಲ್ಟ್ ಬದಲಾಗುತ್ತದೆ. ಆದರೆ ಅದರ ಗಾಜಿನ ತಡೆ ನೂರು ಮೆಗಾ ಓಮ್‌ನಷ್ಟು ಇರಬಹುದು. 10 ಮೆಗಾ ಓಮ್‌ನ ಮಲ್ಟಿಮೀಟರ್ ನೇರ ಹಚ್ಚಿದರೆ 59ರ ಬದಲು 5 ಚಿಲ್ಲರೆ ತೋರಿಸುತ್ತದೆ.

ಔಟ್‌ಪುಟ್ಟನ್ನು ನೇರ ಮೈನಸ್‌ಗೆ ಜೋಡಿಸಿದ ಆಪ್-ಆಂಪ್‌ಗೆ ಬಫರ್ ಅಂತಾರೆ. ಪ್ರೋಬ್ ಮೇಲೆ ಭಾರ ಹೇರದೆ ಅಷ್ಟೇ ವೋಲ್ಟೇಜನ್ನು ಮುಂದೆ ದಾಟಿಸುತ್ತದೆ. ಇಲ್ಲಿ ಎಲ್‌ಎಂ358 ಬೇಡ. ಅದರ ಇನ್‌ಪುಟ್‌ನಲ್ಲಿ 20 ನ್ಯಾನೋ ಆಂಪಿಯರ್ ಹರಿದರೂ 100 ಮೆಗಾ ಓಮ್‌ನಲ್ಲಿ 2 ವೋಲ್ಟ್ ತಪ್ಪು! ಸಿಎ3140 ತರಹದ, ಇನ್‌ಪುಟ್‌ನಲ್ಲಿ ಮಾಸ್‌ಫೆಟ್ ಇರುವ ಚಿಪ್ ಬೇಕು.

ನೆನಪಿಡಿ

• ಚಿಪ್ಪಿನ ಸಪ್ಲೈ ಕಾಲು ಮತ್ತು ಗ್ರೌಂಡ್ ನಡುವೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ.
• ಪಂಪಿನ 230 ವೋಲ್ಟ್ ಕೆಲಸ ಎಲೆಕ್ಟ್ರಿಷಿಯನ್‌ಗೆ ಬಿಡಿ. ಸಣ್ಣ ರಿಲೇಯಿಂದ ಮೋಟಾರ್ ನೇರ ಓಡಿಸಬೇಡಿ, ನಡುವೆ ಕಾಂಟ್ಯಾಕ್ಟರ್ ಇರಲಿ.
• ಪಂಪ್ ಜೋಡಿಸುವ ಮೊದಲು ಪರೀಕ್ಷೆ: ಒಣ ಮಣ್ಣಿನಲ್ಲಿ ಸೆನ್ಸರ್ ಇಟ್ಟು ನಿಧಾನ ನೀರು ಹನಿಸಿ. ರಿಲೇ ಒಂದೇ ಸಲ ‘ಟಕ್’ ಅನ್ನಬೇಕು. ಎರಡು ಮೂರು ಸಲ ಬಡಿದರೆ ಅಂತರ ಸಾಲದು.

ಈಗ ನಮ್ಮಲ್ಲಿ ಆ ರೆಸಿಸ್ಟರೂ ಇದೆ, ಹತ್ತು ನಿಮಿಷಕ್ಕೆ ಪಂಪ್ ನಿಲ್ಲಿಸುವ ಬೇರೆ ಟೈಮರೂ ಇದೆ. ಟೈಮರ್‌ಗೆ ಅದರದ್ದೇ ಕಾಂಟ್ಯಾಕ್ಟರ್, ಒಂದು ಅಂಟಿಕೊಂಡರೆ ಇನ್ನೊಂದು ಕೈ ಹಿಡಿಯಲಿ ಅಂತ. ಆದರೂ ಮಲಗುವ ಮುಂಚೆ ಟಾರ್ಚ್ ಹಿಡಿದು ಒಂದು ಸುತ್ತು ಹೋಗಿ ಬರೋದು ಬಿಟ್ಟಿಲ್ಲ. ನೀವೂ ಬಿಡಬೇಡಿ.