ಧ್ರುವದ ಓಜೋನಿಗೆ ಮೂರು ಸಾಕ್ಷಿಗಳು

ನಂಜನಗೂಡು ತಾಲ್ಲೂಕಿನ ಹದಿನಾರು ಗ್ರಾಮದ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಬಂದಿಳಿಯುವುದುಂಟು. ಮಧ್ಯ ಏಷ್ಯದ ಕಡೆಯಿಂದ ಹೊರಟು ಹಿಮಾಲಯವನ್ನು ದಾಟುವ ಈ ಜಾತಿಯ ಹಕ್ಕಿಗಳು 7 ಕಿಲೋಮೀಟರಿಗೂ ಮೇಲೆ ಹಾರಿದ್ದನ್ನು ವಿಜ್ಞಾನಿಗಳು ಅಳೆದಿದ್ದಾರೆ. ಪ್ರಯಾಣಿಕರ ವಿಮಾನಗಳು ಹಾರುವುದು 10ರಿಂದ 12 ಕಿಲೋಮೀಟರು ಎತ್ತರದಲ್ಲಿ. ಆದರೆ ಆ ಕೆರೆಯ ಏರಿಯ ಮೇಲೆ ನಿಂತವರನ್ನು ಸೂರ್ಯನ ಅತಿನೇರಳೆ ಕಿರಣಗಳಿಂದ ಕಾಪಾಡುವ ಓಜೋನಿನ ಬಹುಭಾಗವಿರುವುದು ಇನ್ನೂ ಮೇಲೆ, ನಮ್ಮ ನಾಡಿನಲ್ಲಿ ಸುಮಾರು 25 ಕಿಲೋಮೀಟರಿನ ಆಸುಪಾಸಿನಲ್ಲಿ. ಕಣ್ಣಿಗೆ ಕಾಣದ, ಕೈಗೆ ಎಟುಕದ ಇಂತಹ ವಸ್ತು ನಾಶವಾಗುತ್ತಿದೆಯೆಂದು ತಿಳಿಯುವುದು ಹೇಗೆ? ತಿಳಿದ ಮೇಲೆ ಅದಕ್ಕೆ ಇಂಥದೇ ಕಾರಣವೆಂದು ಸ್ಥಾಪಿಸುವುದು ಹೇಗೆ? ಇದಕ್ಕೆ ಉತ್ತರವನ್ನು ನಾವು ದಕ್ಷಿಣ ಧ್ರುವಪ್ರದೇಶದ ಆಕಾಶದಲ್ಲಿ ಹುಡುಕಬೇಕು.

ಕೊರತೆಯೂ ಮೂರು ಊಹೆಗಳೂ

ಸಾಮಾನ್ಯ ಆಮ್ಲಜನಕದ ಅಣುವಿನಲ್ಲಿ ಎರಡು ಪರಮಾಣುಗಳಿದ್ದರೆ ಓಜೋನಿನಲ್ಲಿ ಮೂರು. ತಲೆಯ ಮೇಲಿರುವ ಓಜೋನನ್ನೆಲ್ಲ ಕೂಡಿಸಿ ಸಮುದ್ರಮಟ್ಟದ ಒತ್ತಡಕ್ಕೂ 0 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೂ ತಂದರೆ ಅದರ ದಪ್ಪ ಸುಮಾರು 3 ಮಿಲಿಮೀಟರು ಮಾತ್ರ. ಇದನ್ನೇ 300 ಡಾಬ್ಸನ್ ಮಾನವೆನ್ನುತ್ತಾರೆ. ಅಂಟಾರ್ಕ್ಟಿಕದ ಹ್ಯಾಲಿ ನಿಲ್ದಾಣದಲ್ಲಿ ಬ್ರಿಟಿಷ್ ವಿಜ್ಞಾನಿಗಳು 1950ರ ದಶಕದಿಂದ ನೆಲದ ಮೇಲಿನ ಉಪಕರಣದಿಂದ ಇದನ್ನು ಅಳೆಯುತ್ತ ಬಂದಿದ್ದರು. ಮೊದಲು 300ರ ಹತ್ತಿರವಿದ್ದ ಅಕ್ಟೋಬರ್ ತಿಂಗಳ ಸರಾಸರಿ 1984ರ ವೇಳೆಗೆ 200ಕ್ಕಿಂತ ಕೆಳಗಿಳಿಯಿತು. ಫಾರ್ಮನ್, ಗಾರ್ಡಿನರ್ ಮತ್ತು ಶಾಂಕ್ಲಿನ್ ಇದನ್ನು 1985ರಲ್ಲಿ ಪ್ರಕಟಿಸಿದರು.

ಕಾರಣವಾಗಿ ಮೂರು ಊಹೆಗಳು ಮುಂದೆ ಬಂದವು. ಓಜೋನ್ ವಿರಳವಾಗಿರುವ ಕೆಳಗಿನ ಗಾಳಿ ಮೇಲೇರುತ್ತಿದೆ ಎಂಬುದು ಒಂದು. ಸೂರ್ಯನ ಚಟುವಟಿಕೆಯಿಂದ ಎತ್ತರದಲ್ಲಿ ಹುಟ್ಟಿದ ನೈಟ್ರೋಜನ್ ಆಕ್ಸೈಡುಗಳು ಓಜೋನನ್ನು ಒಡೆಯುತ್ತಿವೆ ಎಂಬುದು ಎರಡನೆಯದು. ಶೀತಕಪೆಟ್ಟಿಗೆಗಳಲ್ಲಿ ಬಳಸುತ್ತಿದ್ದ ಕ್ಲೋರೋಫ್ಲೂರೋಕಾರ್ಬನ್ ಅನಿಲಗಳಿಂದ ಬಿಡುಗಡೆಯಾದ ಕ್ಲೋರೀನು ಇದಕ್ಕೆ ಕಾರಣ ಎಂಬುದು ಮೂರನೆಯದು. ಈ ಅನಿಲಗಳಿಂದ ಓಜೋನಿಗೆ ಅಪಾಯವಿದೆಯೆಂದು ಮೊಲಿನಾ ಮತ್ತು ರೋಲೆಂಡ್ 1974ರಲ್ಲಿಯೇ ಎಚ್ಚರಿಸಿದ್ದರು.

ಉಪಗ್ರಹ: ಎಷ್ಟು ವಿಸ್ತಾರ?

1978ರಲ್ಲಿ ಹಾರಿದ ನಿಂಬಸ್-7 ಉಪಗ್ರಹದ ಉಪಕರಣವೊಂದು, ಭೂಮಿಯಿಂದ ಹಿಂದಿರುಗುವ ಅತಿನೇರಳೆ ಬೆಳಕನ್ನು ಅಳೆದು ಓಜೋನನ್ನು ಲೆಕ್ಕ ಹಾಕುತ್ತಿತ್ತು. ಧ್ರುವದ ಮೇಲಿನ ಅತಿ ಕಡಮೆ ಅಂಕಿಗಳು ಸಂಶಯಾಸ್ಪದವೆಂದು ಗುರುತಿಸಲ್ಪಟ್ಟಿದ್ದವು. ಪರಿಶೀಲಿಸಿದಾಗ ಅವು ನಿಜವೆಂದು ತಿಳಿಯಿತು. ಹ್ಯಾಲಿಯಲ್ಲಿ ಕಂಡ ಕೊರತೆ ಒಂದು ಊರಿನದಲ್ಲ, ಇಡೀ ಖಂಡದ ಮೇಲಿನದು ಎಂಬುದು ಆಗ ಸ್ಪಷ್ಟವಾಯಿತು. ಮುಂದಿನ ವರ್ಷಗಳಲ್ಲಿ ಈ ‘ರಂಧ್ರ’ 2 ಕೋಟಿ ಚದರ ಕಿಲೋಮೀಟರನ್ನೂ ಮೀರಿದೆ. ಅದು ಭಾರತದ ವಿಸ್ತೀರ್ಣದ ಆರು ಪಟ್ಟು. ಆದರೆ ಈ ಉಪಕರಣಕ್ಕೆ ಸೂರ್ಯನ ಬೆಳಕು ಬೇಕು. ಧ್ರುವದ ದೀರ್ಘ ರಾತ್ರಿಯಲ್ಲಿ ಅದು ಕುರುಡು. ಕೊರತೆ ಯಾವ ಎತ್ತರದಲ್ಲಿದೆ ಎಂಬುದನ್ನೂ ಅದು ಸರಿಯಾಗಿ ಹೇಳಲಾರದು.

ಬೆಲೂನು: ಯಾವ ಎತ್ತರದಲ್ಲಿ?

ಇಲ್ಲಿ ಬೆಲೂನು ನೆರವಿಗೆ ಬರುತ್ತದೆ. ಅದು ಹೊತ್ತೊಯ್ಯುವ ಚಿಕ್ಕ ಪೆಟ್ಟಿಗೆಯಲ್ಲಿ ಪೊಟ್ಯಾಸಿಯಮ್ ಅಯೋಡೈಡ್ ದ್ರಾವಣವಿರುತ್ತದೆ. ಪಂಪು ಒಳಗೆಳೆದ ಗಾಳಿಯಲ್ಲಿಯ ಓಜೋನ್ ಅಯೋಡೀನನ್ನು ಬಿಡಿಸುತ್ತದೆ. ಅದರಿಂದ ಹುಟ್ಟುವ ವಿದ್ಯುತ್ ಪ್ರವಾಹ ಓಜೋನಿನ ಪ್ರಮಾಣವನ್ನು ಸೂಚಿಸುತ್ತದೆ. ಸುಮಾರು 30 ಕಿಲೋಮೀಟರು ಏರಿ ಬೆಲೂನು ಒಡೆಯುವವರೆಗೂ ಈ ಅಂಕಿಗಳು ರೇಡಿಯೋ ಮೂಲಕ ನೆಲಕ್ಕೆ ಬರುತ್ತಿರುತ್ತವೆ.

ಇಂತಹ ಉಪಕರಣವನ್ನು 1960ರ ದಶಕದಲ್ಲಿ ಭಾರತದ ಹವಾಮಾನ ಇಲಾಖೆ ಪುಣೆಯಲ್ಲಿ ತಯಾರಿಸಿತು. ಆ ಕೆಲಸಕ್ಕೆ ನೇತೃತ್ವ ವಹಿಸಿದವರು ಅಣ್ಣಾ ಮಣಿ. ಕೇರಳದಲ್ಲಿ ಹುಟ್ಟಿದ ಇವರು 1940ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿ, ಸಿ. ವಿ. ರಾಮನ್ನರ ಪ್ರಯೋಗಶಾಲೆಯಲ್ಲಿ ವಜ್ರ ಮತ್ತು ಮಾಣಿಕ್ಯಗಳ ರೋಹಿತವನ್ನು ಅಭ್ಯಸಿಸಿದವರು. ಭಾರತದ ಓಜೋನ್ ಬೆಲೂನುಗಳು ಅಂಟಾರ್ಕ್ಟಿಕದ ನಮ್ಮ ಮೈತ್ರಿ ನಿಲ್ದಾಣದಿಂದಲೂ ಏರಿವೆ.

1986ರಲ್ಲಿ ಸೂಸನ್ ಸಾಲೊಮನ್ ನೇತೃತ್ವದ ತಂಡ ಮ್ಯಾಕ್‌ಮರ್ಡೊ ನಿಲ್ದಾಣಕ್ಕೆ ಹೋಯಿತು. ಅಲ್ಲಿಂದ ಬಿಟ್ಟ ಬೆಲೂನುಗಳು, ಓಜೋನ್ ನಾಶವಾಗುತ್ತಿರುವುದು ಮುಖ್ಯವಾಗಿ 12ರಿಂದ 20 ಕಿಲೋಮೀಟರುಗಳ ನಡುವೆ ಎಂದು ತೋರಿಸಿದವು. ಸೂರ್ಯನ ಚಟುವಟಿಕೆಯೇ ಕಾರಣವಾಗಿದ್ದರೆ ನಾಶವು ಇನ್ನೂ ಮೇಲಿನಿಂದ ಆರಂಭವಾಗಬೇಕಾಗಿತ್ತು. ಎರಡನೆಯ ಊಹೆ ಹೀಗೆ ದುರ್ಬಲವಾಯಿತು.

ವಿಮಾನ: ಯಾರು ಕಾರಣ?

ಕಾರಣವನ್ನು ಹಿಡಿಯಬೇಕಾದರೆ ಓಜೋನನ್ನೂ ಅದನ್ನು ಒಡೆಯುವ ವಸ್ತುವನ್ನೂ ಒಂದೇ ಸ್ಥಳದಲ್ಲಿ, ಒಂದೇ ಗಳಿಗೆಯಲ್ಲಿ ಅಳೆಯಬೇಕು. 1987ರ ಆಗಸ್ಟ್–ಸೆಪ್ಟೆಂಬರಿನಲ್ಲಿ ಚಿಲಿ ದೇಶದ ಪುಂಟಾ ಅರೇನಾಸ್ ಊರಿನಿಂದ ಎರಡು ವಿಮಾನಗಳು ದಕ್ಷಿಣಕ್ಕೆ ಹಾರಿದವು. ಡಿಸಿ-8 ಎಂಬ ದೊಡ್ಡ ವಿಮಾನದಲ್ಲಿ ಹಲವು ವಿಜ್ಞಾನಿಗಳು ಉಪಕರಣಗಳೊಡನೆ ಕುಳಿತಿದ್ದರು. ಇಆರ್-2 ವಿಮಾನದಲ್ಲಿದ್ದವನು ಒಬ್ಬನೇ ಚಾಲಕ. ಒತ್ತಡದ ಉಡುಪನ್ನು ತೊಟ್ಟು ಸುಮಾರು 18 ಕಿಲೋಮೀಟರು ಎತ್ತರದಲ್ಲಿ ಅವನು ನೇರವಾಗಿ ರಂಧ್ರದೊಳಕ್ಕೇ ಹೋಗಬೇಕಾಗಿತ್ತು.

ಆ ವಿಮಾನದಲ್ಲಿದ್ದ ಜೇಮ್ಸ್ ಆಂಡರ್ಸನ್ನರ ಉಪಕರಣ ಕ್ಲೋರೀನ್ ಮಾನಾಕ್ಸೈಡನ್ನು ಅಳೆಯುತ್ತಿತ್ತು. ಧ್ರುವವನ್ನು ಸುತ್ತುವ ಸುಳಿಗಾಳಿಯ ಒಳಗೆ ಅದು ಸಾಮಾನ್ಯಕ್ಕಿಂತ ನೂರು ಪಟ್ಟಿಗೂ ಮಿಕ್ಕಿ ಏರಿತು. ಸೆಪ್ಟೆಂಬರ್ 16ರ ಹಾರಾಟದಲ್ಲಿ ಅದು ಏರಿದಲ್ಲೆಲ್ಲ ಓಜೋನ್ ಇಳಿಯಿತು. ಒಂದು ರೇಖೆ ಇನ್ನೊಂದರ ಕನ್ನಡಿಯ ಬಿಂಬದಂತಿತ್ತು. ಒಳಗಿನ ಗಾಳಿಯಲ್ಲಿ ನೈಟ್ರಸ್ ಆಕ್ಸೈಡ್ ಕಡಮೆಯಿತ್ತು. ಗಾಳಿ ಕೆಳಗಿನಿಂದ ಏರಿದ್ದರೆ ಅದು ಹೆಚ್ಚಾಗಿರಬೇಕಿತ್ತು. ಮೊದಲನೆಯ ಊಹೆಯೂ ಹೀಗೆ ಬಿದ್ದುಹೋಯಿತು.

ಧ್ರುವದಲ್ಲಿಯೇ ಏಕೆ? ಅಲ್ಲಿಯ ಚಳಿಗಾಲದಲ್ಲಿ ಉಷ್ಣತೆ −78 ಡಿಗ್ರಿಗೂ ಕೆಳಗಿಳಿದಾಗ ನೈಟ್ರಿಕ್ ಆಮ್ಲ ಮತ್ತು ನೀರು ಕೂಡಿದ ತೆಳು ಮೋಡಗಳು ಹುಟ್ಟುತ್ತವೆ. ನಿರಪಾಯ ಸಂಯುಕ್ತಗಳಲ್ಲಿ ಅಡಗಿದ್ದ ಕ್ಲೋರೀನು ಅವುಗಳ ಕಣಗಳ ಮೇಲೆ ಬಿಡುಗಡೆಯಾಗುತ್ತದೆ. ವಸಂತದ ಬಿಸಿಲು ಬಿದ್ದೊಡನೆ ಅದು ಪರಮಾಣುಗಳಾಗಿ ಒಡೆದು ಓಜೋನನ್ನು ನಾಶಮಾಡುತ್ತದೆ. ತಾನು ಮಾತ್ರ ವ್ಯಯವಾಗದೆ ಮತ್ತೆ ಮತ್ತೆ ಅದೇ ಕೆಲಸಕ್ಕೆ ಹಿಂದಿರುಗುತ್ತದೆ.

ನಿರ್ಣಯವಾದ ಮೇಲೆ

ಆ ಹಾರಾಟ ನಡೆದ 1987ರ ಸೆಪ್ಟೆಂಬರ್ 16ರಂದೇ ಮಾಂಟ್ರಿಯಲ್ ಒಪ್ಪಂದಕ್ಕೆ ರಾಷ್ಟ್ರಗಳು ಸಹಿ ಹಾಕಿದವು. ವಿಮಾನದ ಸಾಕ್ಷ್ಯ ದೊರೆತ ಮೇಲೆ ಒಪ್ಪಂದ ಇನ್ನಷ್ಟು ಬಿಗಿಯಾಯಿತು. ಭಾರತ 1992ರಲ್ಲಿ ಅದನ್ನು ಸೇರಿತು. ಅಂಟಾರ್ಕ್ಟಿಕದ ಓಜೋನ್ 1980ರ ಮಟ್ಟಕ್ಕೆ ಮರಳುವುದು ಸುಮಾರು 2066ರಲ್ಲಿ ಎಂದು 2022ರ ಅಂತರರಾಷ್ಟ್ರೀಯ ವರದಿ ಅಂದಾಜು ಮಾಡಿತು. ಈ ಅನಿಲಗಳು ಗಾಳಿಯಲ್ಲಿ ದಶಕಗಳ ಕಾಲ ಉಳಿಯುವುದೇ ಇಷ್ಟು ವಿಳಂಬಕ್ಕೆ ಕಾರಣ.

ಆದುದರಿಂದ ಅಳತೆಯನ್ನು ನಿಲ್ಲಿಸುವಂತಿಲ್ಲ. ನಿಷೇಧಿತ ಸಿಎಫ್‌ಸಿ-11 ಅನಿಲ ಎಲ್ಲಿಂದಲೋ ಹೊಸದಾಗಿ ಹೊರಬರುತ್ತಿದೆಯೆಂಬುದು 2018ರಲ್ಲಿ ಬಯಲಾದದ್ದು ವರ್ಷಾನುವರ್ಷ ಬಿಡದೆ ನಡೆದ ಅಳತೆಯಿಂದಲೇ. ಉಪಗ್ರಹ ವಿಸ್ತಾರವನ್ನು ತೋರಿತು, ಬೆಲೂನು ಎತ್ತರವನ್ನು ತಿಳಿಸಿತು, ವಿಮಾನ ಕಾರಣವನ್ನು ಹಿಡಿಯಿತು. ಯಾವುದೊಂದರಿಂದಲೂ ಪೂರ್ಣ ಉತ್ತರ ದೊರೆಯುತ್ತಿರಲಿಲ್ಲ. ಇನ್ನು ನಾಲ್ಕು ದಶಕ ಈ ಮೂರನ್ನೂ ನಡೆಸಬೇಕಾದವರು ಇಂದು ಶಾಲೆ ಕಾಲೇಜುಗಳಲ್ಲಿ ಓದುತ್ತಿರುವವರೇ.