ಕತ್ತಿನ ನೋವು: ವೈದ್ಯರಲ್ಲಿಗೆ ಹೋಗತಕ್ಕ ಸಮಯ

ಮನೆಯಲ್ಲಿ ಯಾರಿಗಾದರೂ ಕತ್ತು ಹಿಡಿದುಕೊಂಡರೆ, ದಿಂಬು ಸರಿಯಿರಲಿಲ್ಲ, ಉಳುಕಿರಬೇಕು ಎಂದು ಹೇಳಿ ಸುಮ್ಮನಾಗುವುದು ನಮ್ಮಲ್ಲಿ ವಾಡಿಕೆ. ಬಹುಮಟ್ಟಿಗೆ ಆ ಮಾತು ನಿಜವೇ. ಆದರೆ ಕೆಲವು ವೇಳೆ ಅದೇ ನೋವು ದೊಡ್ಡ ವ್ಯಾಧಿಯ ಮುನ್ಸೂಚನೆಯಾಗಿರುತ್ತದೆ. ಇವೆರಡರ ಭೇದವನ್ನು ನಮ್ಮ ವಿದ್ಯಾರ್ಥಿನಿಯರು ಅರಿತಿರಬೇಕೆಂಬ ಉದ್ದೇಶದಿಂದ ಈ ಪಾಠವನ್ನು ಬರೆದಿದ್ದೇವೆ.

ಕತ್ತಿನಲ್ಲಿ ೭ ಮೂಳೆಗಳು ಒಂದರ ಮೇಲೊಂದು ಜೋಡಿಸಲ್ಪಟ್ಟಿವೆ. ಅವುಗಳ ಒಳಗಣ ಕಾಲುವೆಯಲ್ಲಿ ಬೆನ್ನುಹುರಿಯು ಮಿದುಳಿನಿಂದ ಇಳಿದುಬರುತ್ತದೆ. ಅದರಿಂದ ೮ ಜೊತೆ ನರಗಳು ಇಲ್ಲಿ ಕವಲೊಡೆದು ಕತ್ತು, ಭುಜ, ತೋಳುಗಳಿಗೆ ಹೋಗುತ್ತವೆ. ಕಾಲುಗಳ ನಡಿಗೆಯೂ ಮಲಮೂತ್ರಗಳ ಹತೋಟಿಯೂ ಇದೇ ಹುರಿಗೆ ಅಧೀನ. ಆದುದರಿಂದ ಕತ್ತಿನೊಳಗಿನ ಕೇಡು ಬೆರಳ ತುದಿಯಲ್ಲಾಗಲಿ ಪಾದದಲ್ಲಾಗಲಿ ತೋರಬಹುದು.

ಬಹಳ ಹೊತ್ತು ಬಗ್ಗಿ ಓದುವುದು, ಮೊಬೈಲು ನೋಡುವುದು, ಹುಲ್ಲಿನ ಹೊರೆಯನ್ನೋ ಮಾವಿನ ಬುಟ್ಟಿಯನ್ನೋ ತಲೆಯ ಮೇಲೆ ಹೊರುವುದು, ಇವುಗಳಿಂದ ಬರುವುದು ಸ್ನಾಯುಗಳ ನೋವು. ಹದವಾದ ಶಾಖ ಕೊಟ್ಟು, ಕತ್ತನ್ನು ಮೆಲ್ಲಮೆಲ್ಲನೆ ಆಡಿಸುತ್ತಿದ್ದರೆ ಇದು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಇಳಿಯುತ್ತದೆ. ಕೆಲವು ವಾರಗಳಾದರೂ ಇಳಿಯದಿದ್ದರೆ ವೈದ್ಯರಿಗೆ ತೋರಿಸತಕ್ಕದ್ದು.

ಆದರೆ ನೋವು ಎಷ್ಟಿದೆ ಎಂಬುದೊಂದನ್ನೇ ಕೇಳಿದರೆ ಸಾಲದು. ನೋವಿನೊಡನೆ ಮತ್ತೇನು ಬಂದಿದೆ ಎಂದು ಕೇಳಬೇಕು. ಮುಖ್ಯ ಲಕ್ಷಣಗಳು ಇವು:

೧. ಜ್ವರ, ತೀವ್ರವಾದ ತಲೆನೋವು, ವಾಂತಿ, ಗದ್ದವನ್ನು ಎದೆಗೆ ತಾಗಿಸಲಾರದಷ್ಟು ಬಿಗಿತ, ಬೆಳಕನ್ನು ಸಹಿಸದಿರುವುದು, ಮಂಪರು. ಇದು ಮಿದುಳಿನ ಪೊರೆಯ ಉರಿಯೂತವಾಗಿರಬಹುದು. ಕೆಲವು ಗಂಟೆಗಳಲ್ಲಿಯೇ ಪ್ರಾಣಕ್ಕೆ ಅಪಾಯವುಂಟು, ಬೆಳಗಾಗಲೆಂದು ಕಾಯಕೂಡದು.

೨. ಮರದಿಂದ ಬಿದ್ದಾಗ, ಅಥವಾ ವಾಹನದ ಅಪಘಾತದಲ್ಲಿ ಉಂಟಾದ ನೋವು. ನಮ್ಮ ಶ್ರೀನಿವಾಸಪುರದಲ್ಲಿ ಮಾವಿನ ಸುಗ್ಗಿಯ ಕಾಲಕ್ಕೆ ಇದು ವಿಶೇಷವಾಗಿ ನೆನಪಿರಬೇಕು. ಬಿದ್ದವರನ್ನು ಎಬ್ಬಿಸಿ ಕೂರಿಸಕೂಡದು. ತಲೆಯೂ ಕತ್ತೂ ಅಲುಗದಂತೆ ಹಿಡಿದು, ೧೦೮ಕ್ಕೆ ಕರೆ ಮಾಡಬೇಕು.

೩. ತೋಳಿನಲ್ಲಿ ಜೋಮು, ಕೈಯಲ್ಲಿ ನಿಶ್ಶಕ್ತಿ, ಗುಂಡಿ ಹಾಕಲು, ಹೂ ಕಟ್ಟಲು ಬೆರಳು ಬಾರದಿರುವುದು, ನಡೆಯುವಾಗ ತೂರಾಟ, ಮೂತ್ರದ ಹತೋಟಿ ತಪ್ಪುವುದು. ಇವು ಹುರಿಯಾಗಲಿ ನರವಾಗಲಿ ಅದುಮಲ್ಪಟ್ಟಿರುವುದರ ಗುರುತುಗಳು. ತಡಮಾಡಿದರೆ ಹೋದ ಶಕ್ತಿ ಮರಳದೆ ಇರಬಹುದು.

೪. ಮಲಗಿದರೂ ತಗ್ಗದ ರಾತ್ರಿಯ ನೋವು, ಸಂಜೆಯ ಜ್ವರ, ದೇಹ ಇಳಿಯುವುದು. ಇವು ಬೆನ್ನೆಲುಬಿನ ಕ್ಷಯದಲ್ಲಿ ಕಾಣುತ್ತವೆ. ಗೆಡ್ಡೆಯ ರೋಗದಲ್ಲಿಯೂ ಕಾಣಬಹುದು. ಪರ್ಸಿವಲ್ ಪಾಟ್ ಎಂಬ ಆಂಗ್ಲ ಶಸ್ತ್ರವೈದ್ಯರು ೧೭೭೯ರಲ್ಲಿ ಬೆನ್ನೆಲುಬಿನ ಈ ರೋಗವನ್ನು ವರ್ಣಿಸಿದರು. ೧೮೮೨ರಲ್ಲಿ ರಾಬರ್ಟ್ ಕಾಖ್ ಕ್ಷಯದ ಕ್ರಿಮಿಯನ್ನು ಕಂಡುಹಿಡಿದರು. ಇಂದು ಕ್ಷಯವು ವಾಸಿಯಾಗುವ ರೋಗ. ಅದರ ಔಷಧವು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಇದನ್ನು ಮುಚ್ಚಿಡುವುದಕ್ಕೆ ಕಾರಣವಿಲ್ಲ.

೫. ನೋವಿನೊಡನೆ ಎದೆಯ ಬಿಗಿತ, ಬೆವರು, ಏದುಸಿರು. ಇದು ಹೃದಯದ ನೋವಾಗಿರಬಹುದು. ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ನಮ್ಮ ಸೀಮೆಗೆ ಸೇರಿದ ಮತ್ತೊಂದು ಕಾರಣವೂ ಉಂಟು. ಕೋಲಾರ ಜಿಲ್ಲೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಮಿತಿಮೀರಿದೆ. ಲೀಟರಿಗೆ ೧.೫ ಮಿಲಿಗ್ರಾಮಿಗಿಂತ ಹೆಚ್ಚಿದ್ದರೆ ಅದು ಕುಡಿಯಲು ಯೋಗ್ಯವಲ್ಲ. ಫ್ಲೋರೈಡು ಬಹಳ ಹೆಚ್ಚಾಗಿರುವ ನೀರನ್ನು ಅನೇಕ ವರ್ಷ ಕುಡಿದವರಲ್ಲಿ ಕತ್ತು, ಬೆನ್ನು, ಕೀಲುಗಳು ಸೆಡೆದುಕೊಳ್ಳಬಹುದು. ಭಾರತದಲ್ಲಿ ಈ ವ್ಯಾಧಿಯನ್ನು ೧೯೩೭ರಲ್ಲಿ ನೆಲ್ಲೂರು ಜಿಲ್ಲೆಯಿಂದ ಮೊದಲು ವರದಿ ಮಾಡಿದರು. ನೀರನ್ನು ಕಾಯಿಸಿದರೆ ಫ್ಲೋರೈಡು ಹೋಗುವುದಿಲ್ಲ. ಶುದ್ಧೀಕರಿಸಿದ ನೀರನ್ನಾಗಲಿ ಮಳೆಯ ನೀರನ್ನು ಶುಚಿಯಾಗಿ ಹಿಡಿದಿಟ್ಟಾಗಲಿ ಕುಡಿಯಬೇಕು. ಇಂಥ ಬಿಗಿತವನ್ನು ಮುಪ್ಪಿನ ಫಲವೆಂದು ಬಿಡದೆ, ಯಾವ ನೀರನ್ನು ಕುಡಿಯುತ್ತೇವೆಂಬುದನ್ನೂ ವೈದ್ಯರಿಗೆ ತಿಳಿಸತಕ್ಕದ್ದು.

ಉಳುಕು ತೆಗೆಯುತ್ತೇವೆಂದು ಕತ್ತನ್ನು ಥಟ್ಟನೆ ತಿರುವುವುದಕ್ಕೆ ಯಾರಿಗೂ ಅವಕಾಶ ಕೊಡಕೂಡದು. ಮಿದುಳಿಗೆ ರಕ್ತವನ್ನೊಯ್ಯುವ ನಾಳಗಳು ಅಲ್ಲಿ ಹಾದುಹೋಗುತ್ತವೆ. ಅವು ಹರಿದರೆ ಪಾರ್ಶ್ವವಾಯು ಬರಬಹುದು.

ಪ್ರಿಯ ವಿದ್ಯಾರ್ಥಿನಿಯರೇ, ನಿಮ್ಮ ತಾಯಂದಿರೂ ಅಜ್ಜಿಯರೂ ಎಲ್ಲರಿಗೂ ಉಣಬಡಿಸಿ, ತಮ್ಮ ನೋವನ್ನು ಮಾತ್ರ ಹೇಳದೆ ನುಂಗುತ್ತಾರೆ. ತಾಯಿಯ ಕೈಯಿಂದ ಪಾತ್ರೆ ಮತ್ತೆ ಮತ್ತೆ ಜಾರಿದರೆ ಬೈಯುವವರುಂಟು. ಕಾರಣವನ್ನು ಕೇಳುವವರು ವಿರಳ. ನೀವು ಕೇಳಿರಿ. ಮೇಲೆ ಹೇಳಿದ ಗುರುತುಗಳಲ್ಲಿ ಒಂದು ಕಂಡರೂ ಮನೆಯ ಹಿರಿಯರಿಗೆ ಧೈರ್ಯವಾಗಿ ತಿಳಿಸಿ, ಅವರನ್ನು ತಾಲ್ಲೂಕು ಆಸ್ಪತ್ರೆಗೋ ಕೋಲಾರದ ಜಿಲ್ಲಾ ಆಸ್ಪತ್ರೆಗೋ ಕರೆದುಕೊಂಡು ಹೋಗಿರಿ. ದೇವರು ಕೊಟ್ಟ ಶರೀರವನ್ನು ಜೋಪಾನಮಾಡುವುದು ಸ್ವಾರ್ಥವಲ್ಲ. ನೋವನ್ನು ಮರೆಮಾಚಿ ಸಹಿಸುವುದೆಲ್ಲವೂ ತಾಳ್ಮೆಯಲ್ಲ.